ತಳಕಿನ ಸೀಮೆಯ ಬೆಟ್ಟ ಬಯಲುಗಳ ವಿಹಾರ

ಹಿಮ ಬೀಳುವ ನಾಡುಗಳ ಪರ್ವತಪ್ರಾಂತಗಳಲ್ಲಿ, ಯೂರೋಪಿನ ಕಾರ್ಪೇಥಿಯನ್ ಶ್ರೇಣಿಯಿಂದ ಮೊದಲ್ಗೊಂಡು ಜಪಾನಿನ ಉತ್ತರದ ಶಿರಾಕಾಮಿ ಬೆಟ್ಟಗಳವರೆಗೆ, ಬೀಚ್ ಎಂಬ ಜಾತಿಯ ಮರದ ವಿಸ್ತಾರವಾದ ಅರಣ್ಯಗಳುಂಟು. ಬೂದುಬಣ್ಣದ ನುಣುಪಾದ ತೊಗಟೆಯುಳ್ಳ, ಶರತ್ಕಾಲದಲ್ಲಿ ಎಲೆಯೆಲ್ಲ ಹೊಂಬಣ್ಣಕ್ಕೆ ತಿರುಗಿ ಉದುರುವ ಆ ವೃಕ್ಷಗಳ ನಡುವೆ ಬೇಸಗೆಯಲ್ಲಿ ಕಾಲ್ನಡಿಗೆಯಿಂದಲೂ, ಚಳಿಗಾಲದಲ್ಲಿ ಕಾಲಿಗೆ ಜಾರುಹಲಗೆಗಳನ್ನು ಕಟ್ಟಿಕೊಂಡೂ ಸಂಚರಿಸುವುದು ಅಲ್ಲಿಯ ಜನಕ್ಕೆ ಪರಮಪ್ರಿಯವಾದ ವಿನೋದ. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ಬು ಸ್ಥಾಪಿತವಾದ ತರುವಾಯ ಈ ವಿನೋದಕ್ಕೆ ಸಂಘಗಳೂ ನಿಯಮಗಳೂ ಗ್ರಂಥಗಳೂ ಹುಟ್ಟಿಕೊಂಡವು. ಆದರೆ ಆ ಪರ್ವತಗಳ ಚರಿತ್ರೆಯನ್ನು ತುಸು ಆಳವಾಗಿ ನೋಡಿದವರಿಗೆ, ಇಂದು ವಿಹಾರಿಗಳು ನಡೆಯುವ ಹಾದಿಗಳಲ್ಲಿ ಹಲವು ಪೂರ್ವದಲ್ಲಿ ಬೇಸಗೆಯ ಹುಲ್ಲಿಗಾಗಿ ದನಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ದನಗಾಹಿಗಳ, ಬೇಟೆಗಾರರ, ಇದ್ದಲು ಸುಡುವವರ ಕಾಲುದಾರಿಗಳೇ ಆಗಿದ್ದವೆಂಬುದು ಗೋಚರವಾಗುತ್ತದೆ. ದುಡಿಮೆಯ ಹೆಜ್ಜೆಯನ್ನು ಹಿಡಿದೇ ವಿರಾಮವೂ ಬೆಟ್ಟ ಹತ್ತಿತು.

ಈ ದೃಷ್ಟಿಯಿಂದ ನಮ್ಮ ತಳಕಿನ ಸೀಮೆಯನ್ನು ನೋಡುವುದು ಅನುಚಿತವಾಗಲಾರದೆಂದು ನನ್ನ ಭಾವನೆ. ಈ ಸೀಮೆಯನ್ನೊಳಗೊಂಡ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೆಂದರೆ ಬರಗಾಲ, ಶೇಂಗಾ, ಬಿಸಿಲು, ಇವಿಷ್ಟೇ ಹೊರಗಿನವರಿಗೆ ನೆನಪಾಗುವುದು. ತಳಕಿನ ಹೆಸರನ್ನು ನಾಡು ಬಲ್ಲುದಾದರೆ ಅದು ಈ ಊರಿನ ಮನೆತನದಲ್ಲಿ ಹುಟ್ಟಿದ ಟಿ. ಎಸ್. ವೆಂಕಣ್ಣಯ್ಯನವರಿಂದ, ತ. ಸು. ಶಾಮರಾಯರಿಂದ, ತ. ರಾ. ಸುಬ್ಬರಾಯರಿಂದ, ಊರಿನ ಸುತ್ತಣ ಭೂಮಿಯಿಂದಲ್ಲ. ವರ್ಷಕ್ಕೆ ಐನೂರು ಮಿಲಿಮೀಟರಿನಷ್ಟು ಮಳೆಯಾದರೆ ದೊಡ್ಡದೆನ್ನುವ ಈ ನೆಲದಲ್ಲಿ ಹಿಮದ ಮಾತೆಲ್ಲಿಯದು, ಮುಗಿಲು ಮುಟ್ಟುವ ಮರಗಳ ಮಾತೆಲ್ಲಿಯದು? ಇಲ್ಲಿರುವುದು ಕುರುಚಲು, ಕಗ್ಗಲಿ, ಜಾಲಿ, ಬಾರೆ, ಬನ್ನಿ, ತಂಗಡಿ, ಗುಂಡಿನ ಮೇಲೆ ಗುಂಡು ಪೇರಿಸಿಟ್ಟಂತೆ ತೋರುವ ಬೋಳುಬೆಟ್ಟಗಳು, ಆ ಬೆಟ್ಟಗಳ ಬುಡದಿಂದ ಕಣ್ಣು ಹಾಯುವಷ್ಟು ದೂರ ಹರಡಿದ ಹುಲ್ಲಿನ ಬಯಲು, ಅಂದರೆ ಕಾವಲು. ಮುಂಗಾರಿನ ಎರಡು ಹದಮಳೆ ಬಿದ್ದ ಮೇಲೆ ಈ ಬಯಲನ್ನು ಕಂಡವರು ಇದನ್ನು ಬರಡೆಂದು ಕರೆಯಲಾರರು. ಮೊಣಕಾಲೆತ್ತರ ಬೆಳೆದು ಗಾಳಿಗೆ ಬಾಗುವ ಹುಲ್ಲು, ಅದರೊಳಗೆ ಹುದುಗಿದ ಗೌಜಲು, ಪುರುಲೆಗಳು, ದೂರದಲ್ಲಿ ನೆಗೆಯುವ ಕೃಷ್ಣಮೃಗಗಳ ಹಿಂಡು, ಬೇಲಿಸಾಲಿನಲ್ಲಿ ಕಾಲಕಾಲಕ್ಕೆ ಹಣ್ಣಾಗುವ ಕಾರೆ, ಕವಳೆ, ಬಾರೆ. ದನಕಾಯುವ ಹುಡುಗರು ಈ ಹಣ್ಣುಗಳ ಕಾಲವನ್ನು ಪಂಚಾಂಗಕ್ಕಿಂತ ನಿಖರವಾಗಿ ಬಲ್ಲರು.

ಈ ಬಯಲಿಗೂ ದನಕರುಗಳಿಗೂ ಉಂಟಾದ ಸಂಬಂಧ ಚರಿತ್ರೆಗಿಂತಲೂ ಹಿಂದಿನದು. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಚಿನ್ನಹಗರಿಯ ಪ್ರಾಂತದಲ್ಲಿ ನಿಂತಿರುವ ಬ್ರಹ್ಮಗಿರಿಯ ಬುಡದಲ್ಲಿ ಮೊದಲು ಮೈಸೂರಿನ ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಯಿಸಿ ನೋಡಿದಾಗ, ನಯಗೊಳಿಸಿದ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಜನ, ಅವರ ಮೇಲೆ ಶಾತವಾಹನರ ಕಾಲದ ಜನ, ಹೀಗೆ ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರಗಳು ಕಾಣಿಸಿಕೊಂಡವು. ದಕ್ಷಿಣಭಾರತದ ಪ್ರಾಗಿತಿಹಾಸವನ್ನು ಕಾಲಾನುಕ್ರಮದಲ್ಲಿ ಜೋಡಿಸುವುದಕ್ಕೆ ಭದ್ರವಾದ ಮೊದಲ ಮೆಟ್ಟಿಲು ಸಿಕ್ಕಿದ್ದು ಈ ಬೆಟ್ಟದ ತಪ್ಪಲಿನಲ್ಲಿ ಎಂಬುದನ್ನು ನಮ್ಮವರು ಅಭಿಮಾನದಿಂದ ಹೇಳಿಕೊಳ್ಳಬಹುದು. ನೆರೆಯ ಬಳ್ಳಾರಿ ಸೀಮೆಯ ಕುಡತಿನಿ ಮೊದಲಾದೆಡೆಗಳಲ್ಲಿ ಅದೇ ನವಶಿಲಾಯುಗದ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಅವು ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟುದರ ಫಲವೆಂದು ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು ತೋರಿಸಿಕೊಟ್ಟರು. ಅಷ್ಟೇ ಅಲ್ಲದೆ, ಆ ಬೆಂಕಿ ಕೇವಲ ಕಸ ಸುಡುವ ಬೆಂಕಿಯಾಗಿರದೆ, ಹಿಂಡುಗಳು ಮೇವಿನ ನೆಲವನ್ನು ಬದಲಿಸುವ ಋತುಸಂಧಿಯಲ್ಲಿ ಆಚರಿಸುತ್ತಿದ್ದ ಹಬ್ಬದ ಬೆಂಕಿಯಾಗಿದ್ದಿರಬೇಕೆಂದೂ, ಸಂಕ್ರಾಂತಿ ದೀಪಾವಳಿಗಳಲ್ಲಿ ಇಂದಿಗೂ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿ ಅದರ ಮುಂದುವರಿಕೆಯಾಗಿರಬಹುದೆಂದೂ ಊಹಿಸಿದರು. ಈ ಊಹೆ ನನಗೆ ಬಹಳ ಹಿಡಿಸಿದೆ. ದನ ಮೇಯಿಸುವವನ ದುಡಿಮೆಯೂ ಅವನ ಉತ್ಸವವೂ ಒಂದೇ ಬಯಲಿನಲ್ಲಿ, ಒಂದೇ ಬೆಂಕಿಯ ಸುತ್ತ ನಡೆದವೆಂಬುದು ಈ ಸೀಮೆಯ ಮುಂದಿನ ಚರಿತ್ರೆಯಲ್ಲೆಲ್ಲ ನಿಜವಾಗಿ ಕಂಡುಬರುವ ಸಂಗತಿ.

ಬ್ರಹ್ಮಗಿರಿಯನ್ನು ಲೋಕಪ್ರಸಿದ್ಧವಾಗಿಸಿದವರು ಶಾಸನತಜ್ಞ ಬಿ. ಎಲ್. ರೈಸ್. 1892ರಲ್ಲಿ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ತಾಣಗಳಲ್ಲಿ, ಒಂದಕ್ಕೊಂದು ಕಾಣುವಷ್ಟು ಸಮೀಪದಲ್ಲಿ, ಅಶೋಕ ಚಕ್ರವರ್ತಿಯ ಶಿಲಾಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯಸಾಮ್ರಾಜ್ಯ ಕನ್ನಡನಾಡಿನೊಳಕ್ಕೆ ಚಾಚಿತ್ತೆಂಬುದಕ್ಕೆ ಮೊತ್ತಮೊದಲ ಪ್ರತ್ಯಕ್ಷಪ್ರಮಾಣ ಹೀಗೆ ನಮ್ಮ ಕುರುಚಲು ಬೆಟ್ಟಗಳಲ್ಲಿ ದೊರೆಯಿತು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಆಜ್ಞೆ, ಅಲ್ಪರೂ ಮಹಾತ್ಮರೂ ಸಮಾನವಾಗಿ ಧರ್ಮದಲ್ಲಿ ಮುಂದುವರಿಯಬಲ್ಲರೆಂದು ಸಾರುತ್ತದೆ. ತಾಯಿತಂದೆಗಳ ಮಾತನ್ನು ನಡೆಸಬೇಕೆಂದೂ, ಪ್ರಾಣಿಗಳಲ್ಲಿ ದಯೆ ಇರಬೇಕೆಂದೂ, ಸತ್ಯವನ್ನಾಡಬೇಕೆಂದೂ ವಿಧಿಸುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಕಂಡರಿಸಿ, ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿಯನ್ನು ಬಲ್ಲವನೊಬ್ಬ ಈ ಬೆಟ್ಟವನ್ನೇರಿ ಬಂಡೆಯ ಮುಂದೆ ಉಳಿ ಹಿಡಿದು ಕುಳಿತಿದ್ದನೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಇದೇ ಚಕ್ರವರ್ತಿಯ ಎಂಟನೆಯ ಬಂಡೆಶಾಸನದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮಾತೊಂದುಂಟು. ಅದು ಬ್ರಹ್ಮಗಿರಿಯಲ್ಲಿಲ್ಲ, ನೆರೆಯ ಆಂಧ್ರದ ಎರ್ರಗುಡಿಯಲ್ಲಿದೆ. ಹಿಂದಿನ ಅರಸರು ಬೇಟೆಯೇ ಮೊದಲಾದ ಸಂತೋಷಗಳಿಗಾಗಿ ವಿಹಾರಯಾತ್ರೆಗೆ ಹೊರಡುತ್ತಿದ್ದರೆಂದೂ, ತಾನು ಪಟ್ಟಾಭಿಷಿಕ್ತನಾದ ಹತ್ತು ವರ್ಷಗಳ ಮೇಲೆ ಬೋಧಿಸ್ಥಾನಕ್ಕೆ ಹೋಗಿಬಂದು, ಅಂದಿನಿಂದ ಧರ್ಮಯಾತ್ರೆಯನ್ನು ಆರಂಭಿಸಿದೆನೆಂದೂ ಅಶೋಕನು ಅಲ್ಲಿ ಹೇಳಿಕೊಳ್ಳುತ್ತಾನೆ. ಬ್ರಾಹ್ಮಣ ಶ್ರಮಣರ ದರ್ಶನ, ವೃದ್ಧರ ಭೇಟಿ, ದಾನ, ಗ್ರಾಮಾಂತರ ಜನರೊಡನೆ ಸಂಭಾಷಣೆ, ಇವು ಆ ಯಾತ್ರೆಯ ಅಂಗಗಳು. ಇದರಿಂದ ತನಗೆ ಹೆಚ್ಚಿನ ಆನಂದವೆಂದೂ ಆತ ಸೇರಿಸುತ್ತಾನೆ. ಅರಸನೊಬ್ಬನು ತನ್ನ ವಿರಾಮವನ್ನು ಹೇಗೆ ಕಳೆಯಬೇಕೆಂಬುದನ್ನು ಕಲ್ಲಿನಲ್ಲಿ ಕೆತ್ತಿಸಿ ಪ್ರಜೆಗಳಿಗೆ ನಿವೇದಿಸಿದ ನಿದರ್ಶನ ಪ್ರಪಂಚದಲ್ಲಿ ಅತಿ ವಿರಳ.

ಅಶೋಕನ ಅಕ್ಷರಗಳನ್ನು ಓದಬಲ್ಲವರು ಇಲ್ಲದೆಹೋದ ಶತಮಾನಗಳಲ್ಲಿ ಈ ಬಂಡೆಗಳು ಜನರಿಗೆ ಅಪರಿಚಿತವಾಗಲಿಲ್ಲ. ಬ್ರಹ್ಮಗಿರಿಯದನ್ನು ಜನ ಅಕ್ಷರಗುಂಡು ಎಂದು ಕರೆದು, ಅದಕ್ಕೆ ಮದ್ದಿನ ಗುಣವುಂಟೆಂದು ನಂಬಿ, ಅದನ್ನು ತೊಳೆದ ನೀರನ್ನು ಕಾಯಿಲೆ ಕಸಾಲೆಗಳಿಗೆ ಕುಡಿಸುತ್ತಿದ್ದರು. ಸಿದ್ದಾಪುರದ್ದಕ್ಕೆ ಎಮ್ಮೆ ಕಾಯುವ ತಿಮ್ಮಯ್ಯನೊಬ್ಬನ ಹೆಸರು ಅಂಟಿತ್ತು. ಜಟಿಂಗ ರಾಮೇಶ್ವರದ ಶಾಸನದ ಕಥೆ ಇನ್ನೂ ಸ್ವಾರಸ್ಯಕರ. ಸಮುದ್ರಮಟ್ಟದಿಂದ ಮೂರೂಕಾಲು ಸಾವಿರ ಅಡಿಗೂ ಮಿಗಿಲಾಗಿ ಎತ್ತರವಾದ ಆ ಬೆಟ್ಟದ ನೆತ್ತಿಯಲ್ಲಿ ರಾಮೇಶ್ವರನ ಗುಡಿಯಿದೆ. ಸೀತಾಪಹರಣದ ಕಾಲದಲ್ಲಿ ರಾವಣನನ್ನು ಅಡ್ಡಗಟ್ಟಿದ ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಅಲ್ಲೇ ಎಂದು ಸ್ಥಳಪುರಾಣ. ಗುಡಿಯ ಮುಂದಣ ಮೆಟ್ಟಿಲುಗಳ ಬಳಿ, ಓರೆಯಾಗಿ ಹಾಸಿದ ಬಂಡೆಯ ಮೇಲೆ ಶಾಸನವಿದೆ. ಅದರ ಹೆಸರು ಬಳೆಗಾರರ ಗುಂಡು. ವರ್ಷಾವರ್ಷ ಜಾತ್ರೆಯಲ್ಲಿ ಬೆಟ್ಟವನ್ನೇರಿ ಬಂದ ಬಳೆಗಾರರು ತಮ್ಮ ಮಲಾರಗಳನ್ನು ಬಿಚ್ಚಿ ಅಂಗಡಿ ಹೂಡುತ್ತಿದ್ದುದು ಅದರ ಮೇಲೆ. ಚಪ್ಪರದ ಗೂಟಗಳಿಗಾಗಿ ಬಂಡೆಯಲ್ಲಿ ಕುಳಿಗಳನ್ನೂ ತೋಡಿದ್ದರು. ಎಷ್ಟೋ ತಲೆಮಾರುಗಳ ಹೆಂಗಳೆಯರು ಕೈನೀಡಿ ಕುಳಿತು ಬಳೆ ತೊಟ್ಟುಕೊಂಡ ಸ್ಥಳದಲ್ಲಿ ಮೌರ್ಯರ ಕಾಲದ ಅಕ್ಷರಗಳು ಸವೆದು ಮಾಸಿದವು. ಪುರಾತತ್ತ್ವಜ್ಞರು ಇದಕ್ಕಾಗಿ ಮರುಗುವುದು ಸಹಜ. ನನಗಾದರೋ ಆ ಸವೆತವೂ ಶಾಸನದಷ್ಟೇ ಬೆಲೆಯುಳ್ಳ ದಾಖಲೆಯೆಂದು ತೋರುತ್ತದೆ. ಬೆಟ್ಟ ಹತ್ತುವುದು ನಮ್ಮ ಜನಕ್ಕೆ ದೇವರ ಕಾರ್ಯವೂ ಹೌದು, ಬಳೆಯ ಬಣ್ಣ ಆರಿಸುವ ಸಂಭ್ರಮವೂ ಹೌದು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಬೇಕಿಲ್ಲ.

ಮೊಳಕಾಲ್ಮೂರಿನ ಬಳಿಯ ನುಂಕೆಮಲೆಯೂ ಅಂಥದೇ. ಭೈರವನ ಗುಡಿಯಿರುವ ಆ ಬೆಟ್ಟಕ್ಕೆ ಸಿದ್ಧರ, ನಾಥಯೋಗಿಗಳ ಪರಂಪರೆ ಅಂಟಿಕೊಂಡಿದೆ. ಅದೇ ಊರಿನ ಕೂಗೋಬಂಡೆಯ ಎದುರು ನಿಂತು ಕೂಗಿದರೆ ಕೂಗಿದ ಮಾತು ಸ್ಪಷ್ಟವಾಗಿ ಮರುದನಿಗೊಳ್ಳುತ್ತದೆ. ಹರಕೆ ಹೊತ್ತು ಬಂದ ಮುದುಕರೂ ಅಲ್ಲಿ ಒಂದು ಸಲ ಕೂಗದೆ ಮುಂದೆ ಹೋಗರು. ಬ್ರಿಟಿಷರು ನಂದಿಬೆಟ್ಟದ ಮೇಲೆ ಬಂಗಲೆ ಕಟ್ಟಿದರು, ನಾಲ್ವಡಿ ಕೃಷ್ಣರಾಜ ಒಡೆಯರು ಕೆಮ್ಮಣ್ಣುಗುಂಡಿಯನ್ನು ಬೇಸಗೆಯ ಬೀಡಾಗಿಸಿಕೊಂಡರು. ನಮ್ಮ ಬೆಟ್ಟಗಳಲ್ಲಿ ತಂಪಿಲ್ಲವಾಗಿ ಇಲ್ಲಿ ಯಾರೂ ಗಿರಿಧಾಮ ಕಟ್ಟಲಿಲ್ಲ.

ಹಾಗೆಂದು ಬಯಲಿಗೆ ಹೋಗಿ ನಲಿಯುವ ಪದ್ಧತಿ ಇಲ್ಲಿ ಕಡಿಮೆಯೆಂದಲ್ಲ. ತಳಕಿಗೆ ಅನತಿದೂರದ ಗೌರಸಮುದ್ರದಲ್ಲಿ ಭಾದ್ರಪದದ ಮಂಗಳವಾರ ಮಾರಮ್ಮನನ್ನು ಊರ ಗುಡಿಯಿಂದ ತುಮ್ಮಲೆಂಬ ಬಯಲಿಗೆ ಹೊರಡಿಸುತ್ತಾರೆ. ಆಂಧ್ರದ ಊರುಗಳಿಂದಲೂ ಬರುವ ಜನ ಬಯಲಿನಲ್ಲೇ ಒಲೆ ಹೂಡಿ, ಹೊಲದಲ್ಲಿ ಬೆಳೆದ ಈರುಳ್ಳಿಯನ್ನು ಅಮ್ಮನ ಮೇಲೆ ತೂರಿ ಹರಕೆ ತೀರಿಸುತ್ತಾರೆ. ಪುರ್ಲಹಳ್ಳಿಯ ಬಳಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆ ಇನ್ನೂ ವಿಲಕ್ಷಣವಾದದ್ದು. ಪುಷ್ಯಮಾಸದ ಚಳಿಯಲ್ಲಿ, ಊರಿನ ಹೊರಗಣ ಬಯಲಿನಲ್ಲಿ, ಬಾರೆಯ ಮುಳ್ಳುಕೊಂಬೆಗಳನ್ನು ಕಡಿದು ತಂದು ಒಂದರ ಮೇಲೊಂದು ಒಟ್ಟಿ ಆಳೆತ್ತರಕ್ಕೂ ಎಷ್ಟೋ ಮಿಗಿಲಾದ ಗುಡಿಯನ್ನು ಕಟ್ಟುತ್ತಾರೆ. ಅದರ ತುದಿಯಲ್ಲಿ ಕಳಸವನ್ನಿಡುತ್ತಾರೆ. ನಿಯತವಾದ ಕ್ಷಣ ಬಂದೊಡನೆ ವ್ರತಹಿಡಿದ ತರುಣರು ಬರಿಗಾಲಿನಲ್ಲಿ ಓಡಿಬಂದು ಆ ಮುಳ್ಳಿನ ರಾಶಿಯನ್ನೇರಿ ಕಳಸವನ್ನು ಕಿತ್ತು ತರುತ್ತಾರೆ. ಸುತ್ತ ನಿಂತ ಸಹಸ್ರಾರು ಜನರ ಉಸಿರು ಅವರು ಇಳಿಯುವ ತನಕ ಹಿಡಿದಂತಿರುತ್ತದೆ. ಕುರಿ ದನಗಳ ಹಿಂದೆ ದಿನವೂ ಮುಳ್ಳು ತುಳಿಯುವ ಕುಲದವರು ತಮ್ಮ ದೇವರಿಗೆ ಮುಳ್ಳಿನಲ್ಲೇ ಗುಡಿ ಕಟ್ಟಿದ್ದು ಎಷ್ಟು ಸಹಜವಾಗಿದೆ! ಆಟವೆನ್ನಿ, ವ್ರತವೆನ್ನಿ, ಸಾಹಸವೆನ್ನಿ, ಅಲ್ಲಿ ಇವು ಬೇರೆ ಬೇರೆಯಾಗಿಲ್ಲ.

ಮ್ಯಾಸಬೇಡರ ವಿಷಯವನ್ನು ಬಿಟ್ಟು ಈ ಸೀಮೆಯ ಚರಿತ್ರೆಯನ್ನು ಬರೆಯುವಂತಿಲ್ಲ. ಬೇಟೆಯಿಂದ ಬದುಕಿದ, ಪಾಳೆಯಗಾರರ ದಂಡಿನಲ್ಲಿ ಹೆಸರಾದ ಈ ಜನ ಕೋಳಿಯನ್ನು ಮುಟ್ಟರು, ಈಚಲ ಹೆಂಡವನ್ನು ಸೇವಿಸರು. ಹಟ್ಟಿಗಳಲ್ಲಿ ಬಾಳುತ್ತ, ಗಾದ್ರಿಪಾಲನಾಯಕನೇ ಮೊದಲಾದ ಪಶುಪಾಲಕ ವೀರರನ್ನು ದೇವರೆಂದು ಪೂಜಿಸುವರು. ಅವರ ದೇವರ ಎತ್ತುಗಳ ವ್ಯವಸ್ಥೆ ಅನ್ಯತ್ರ ಕಾಣಸಿಗುವಂಥದಲ್ಲ. ದೇವರಿಗೆ ಬಿಟ್ಟ ಈ ದನಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಸಂತೆಯಲ್ಲಿ ಮಾರುವಂತಿಲ್ಲ. ಕಿಲಾರಿಯೆಂಬುವನು ಕಂಬಳಿ ಹೊದ್ದು, ಕೋಲು ಹಿಡಿದು, ಮನೆಮಠ ಬಿಟ್ಟು ಅವುಗಳೊಡನೆಯೇ ರೊಪ್ಪದಲ್ಲಿ ವಾಸಿಸುತ್ತಾನೆ, ಮೇವಿದ್ದಲ್ಲಿಗೆ ನಡೆಯುತ್ತಾನೆ, ಬರ ಬಂದರೆ ಅವುಗಳೊಡನೆ ತಾನೂ ಅಲೆಯುತ್ತಾನೆ. ಹಬ್ಬದ ದಿನ ಈ ಎತ್ತುಗಳನ್ನು ತೊಳೆದು, ಸಿಂಗರಿಸಿ, ದೇವರ ಮುಂದೆ ಓಡಿಸುವಾಗ ಹಟ್ಟಿಗೆ ಹಟ್ಟಿಯೇ ಬಯಲಿನಲ್ಲಿ ನೆರೆಯುತ್ತದೆ. ಜಪಾನಿನ ಆ ಹಿಮಾವೃತ ಬೀಚ್ ಕಾಡುಗಳಲ್ಲಿ ಮತಗಿ ಎಂಬ ಬೇಟೆಗಾರರಿದ್ದಾರೆ. ಕಾಡಿಗೆ ಹೊರಟಾಗ ಅವರೂ ಕಠಿಣವಾದ ನಿಷೇಧಗಳನ್ನು ಪಾಲಿಸುತ್ತಾರೆ, ಗಿರಿದೇವಿಗೆ ನಡೆದುಕೊಳ್ಳುತ್ತಾರೆ. 1993ರಲ್ಲಿ ಶಿರಾಕಾಮಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು; ಈಗ ಆ ಕಾಡಿನ ತಿರುಳುಭಾಗದಲ್ಲಿ ಪ್ರವೇಶವೇ ನಿರ್ಬಂಧಿತವಾಗಿದೆ. ಕಾಪಾಡುವುದಕ್ಕಾಗಿ ಮುಚ್ಚಿದರೂ, ಮುಂದೆ ಹೇಳುವಂತೆ ನಮ್ಮಲ್ಲಿಯ ಹಾಗೆ ಕಟ್ಟುವುದಕ್ಕಾಗಿ ಮುಚ್ಚಿದರೂ, ಮೊದಲು ಹೊರಗುಳಿಯುವವರು ಆ ನೆಲವನ್ನು ಹೆಚ್ಚು ಬಲ್ಲವರೇ ಎಂಬುದು ವಿಷಾದದ ಸಂಗತಿ.

ಕಾವಲುಗಳ ರಾಜಕೀಯ ಚರಿತ್ರೆಯನ್ನು ಹೇಳಬೇಕಾದರೆ ಅಮೃತಮಹಲಿನ ಕಥೆಯನ್ನೇ ಹೇಳಬೇಕು. ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲುಬೆಣ್ಣೆಗಾಗಿ ಹಸುಗಳ ಹಿಂಡುಗಳನ್ನು ಕೂಡಿಸಿ ಬೆಣ್ಣೆಚಾವಡಿಯನ್ನು ಏರ್ಪಡಿಸಿ, ಅವುಗಳ ಮೇವಿಗೆ ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗುರುತಿಸಿದರು. ಹೈದರಾಲಿಯು ಪಾಳೆಯಪಟ್ಟುಗಳನ್ನು ಗೆದ್ದಂತೆಲ್ಲ ಹಿಂಡು ಬೆಳೆಯಿತು. ಹಸುವಿನ ಹಾಲಿಗಿಂತ ಎತ್ತಿನ ಹೆಗಲೇ ಮುಖ್ಯವಾಯಿತು. ಟಿಪ್ಪುಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕಾಗಿ ಹುಕುಂನಾಮೆಯನ್ನು ಹೊರಡಿಸಿದನು. ಚಿದಂಬರಕ್ಕೆ ಒದಗಬೇಕಾಗಿದ್ದಾಗ ಹೈದರನ ಸೇನೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದೂ, ಸೋತಾಗಲೂ ತನ್ನ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರಿಗೇ ಎಳೆದೊಯ್ದದ್ದೂ ಈ ಎತ್ತುಗಳ ಬಲದಿಂದಲೇ. ಐದನೆಯ ವರ್ಷದ ಹೊತ್ತಿಗೆ ಪಳಗುವ, ಏಳನೆಯ ವರ್ಷಕ್ಕೆ ಪೂರ್ಣಬಲಕ್ಕೆ ಬರುವ, ಹದಿನಾಲ್ಕು ಹದಿನೈದರವರೆಗೆ ದುಡಿಯುವ ಈ ತಳಿ ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದುದಲ್ಲ. ಬಯಲಿನಲ್ಲಿ ಹುಟ್ಟಿ, ಬಯಲಿನಲ್ಲಿ ಮೇದು, ಮನುಷ್ಯನನ್ನು ಕಂಡರೆ ಬೆದರುವ ಅರೆಕಾಡಿನ ಜೀವ.

ಇಲಾಖೆಯವರು ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಕೆರೆಯಂಗಳದ ಹಸಿರೂ ಮರದ ನೆರಳೂ ಇರುವೆಡೆ ಬೇಸಗೆಯ ಕಾವಲು; ಮಳೆ ಬಿದ್ದಾಗ ಮಾತ್ರ ಹುಲ್ಲು ಚಿಗುರುವ ಎತ್ತರದ ಬಯಲು ಮಳೆಗಾಲದ್ದು. ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಹಿಂಡುಗಳು ಋತುವಿನಿಂದ ಋತುವಿಗೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದುವು. ಆಲ್ಪ್ಸಿನ ದನಗಳು ಹಿಮಕ್ಕೆ ಅಂಜಿ ಕೆಳಗಿಳಿಯುತ್ತವೆ, ನಮ್ಮವು ಬಿಸಿಲಿಗೆ ಅಂಜಿ ಎಡೆ ಬದಲಿಸುತ್ತಿದ್ದುವು. ವಿವೇಕ ಒಂದೇ, ಒಂದು ನೆಲಕ್ಕೆ ವರ್ಷದ ಕೆಲವು ತಿಂಗಳಾದರೂ ವಿಶ್ರಾಂತಿ ಕೊಡಬೇಕೆಂಬುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಇಂಗ್ಲಿಷರ ಕೈಸೇರಿ, ಆರೈಕೆಯಿಲ್ಲದೆ ಕ್ಷೀಣಿಸಿದುವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ತರುವಾಯ ಮತ್ತೆ ಚೇತರಿಸಿಕೊಂಡುವು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಮದರಾಸು ಸರಕಾರ ಇಲಾಖೆಯನ್ನೇ ವಿಸರ್ಜಿಸಿ ದನಗಳನ್ನು ಮಾರಿತು. ಎಳೆಯುವ ಎತ್ತುಗಳಿಗೆ ಅಭಾವ ಬಂದಾಗ ಕಣ್ಣುತೆರೆದು 1866ರಲ್ಲಿ ಮತ್ತೆ ಸ್ಥಾಪಿಸಿತು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಬಂದಿತು. ಕಳೆದುಕೊಂಡ ಹಿಂಡನ್ನು ಆರು ವರ್ಷದ ಮೇಲೆ ಮರಳಿ ಕೂಡಿಸಲು ಸಾಧ್ಯವಾದದ್ದಕ್ಕೆ ಒಂದು ಕಾರಣವುಂಟು: ದನ ಹೋಗಿದ್ದರೂ ಹುಲ್ಲಿನ ನೆಲ ಉಳಿದಿತ್ತು.

ಆ ನೆಲಕ್ಕೆ ಸಂಚಕಾರ ಬಂದದ್ದು ನಮ್ಮ ಕಾಲದಲ್ಲಿ. ಫಿರಂಗಿಗೂ ಹೊಲಕ್ಕೂ ಯಂತ್ರ ಬಂದ ಮೇಲೆ ಎತ್ತಿನ ಬೆಲೆ ಇಳಿಯಿತು, ಎತ್ತಿನೊಡನೆ ಕಾವಲಿನ ಬೆಲೆಯೂ ಇಳಿಯಿತು. ಕಂದಾಯದ ಕಡತಗಳಿಗೆ ಅದು ಯಾರ ಉಪಯೋಗಕ್ಕೂ ಇಲ್ಲದ ಭೂಮಿಯೆಂದು ತೋರಿತು. 2007ರಿಂದ ಈಚೆಗೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಮುಖ್ಯವಾಗಿ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಅಣುಶಕ್ತಿ ಹಾಗೂ ಬಾಹ್ಯಾಕಾಶ ಸಂಸ್ಥೆಗಳಿಗೆ ಮಿಕ್ಕದ್ದರಲ್ಲಿ ಪಾಲು. ದೇಶಕ್ಕೆ ಆ ಸಂಸ್ಥೆಗಳು ಬೇಕು, ನಾನು ಅದನ್ನು ಪ್ರಶ್ನಿಸುವವನಲ್ಲ. ಆದರೆ ಎದ್ದ ಗೋಡೆಗಳಿಂದ ಕುರಿಯ ಮೇವು ಹೋಯಿತು, ಕುರಿಯ ಉಣ್ಣೆಯನ್ನು ನಂಬಿದ್ದ ದೊಡ್ಡ ಉಳ್ಳಾರ್ತಿಯ ಕಂಬಳಿ ನೇಯುವವರ ಮಗ್ಗಕ್ಕೆ ಕುತ್ತು ಬಂದಿತು, ಹಟ್ಟಿಯಿಂದ ಹಟ್ಟಿಗಿದ್ದ ಹಾದಿ ಮುಚ್ಚಿತು, ಕೃಷ್ಣಮೃಗದ ಓಡಾಟದ ನೆಲ ತುಂಡಾಯಿತು. ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, 2014ರಲ್ಲಿ ತೀರ್ಪೂ ಬಂದಿತು. ಗೋಡೆಗಳು ನಿಂತೇ ಇವೆ. ಹಂಚುವ ಮುನ್ನ ಕಿಲಾರಿಯನ್ನೂ ಕುರಿಗಾಹಿಯನ್ನೂ ಕರೆದು ಒಂದು ಮಾತು ಕೇಳದೆ ಹೋದದ್ದು ಅನ್ಯಾಯವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹಿಮದ ನಾಡುಗಳಲ್ಲಿ ಒಂದಾದ ನಾರ್ವೆ, ಉಳುಮೆಯಿಲ್ಲದ ಬೆಟ್ಟಕಾಡುಗಳಲ್ಲಿ ಯಾರು ಬೇಕಾದರೂ ನಡೆಯಬಹುದೆಂಬ ತನ್ನ ಹಳೆಯ ರೂಢಿಯನ್ನು 1957ರಲ್ಲಿ ಶಾಸನಬದ್ಧಗೊಳಿಸಿತು. ನಮ್ಮಲ್ಲಿ ಅಂಥ ರೂಢಿ ಇರಲಿಲ್ಲವೆ? ಕಾವಲಿನಲ್ಲಿ ನಡೆಯಲು, ಒಲೆ ಹೂಡಲು, ದೇವರನ್ನು ಹೊರಡಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ, ಅಷ್ಟೆ. ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಇನ್ನೂ ಬೇಲಿ ಬೀಳದ ಕಾವಲುಗಳಿವೆ. ಅವುಗಳ ಮೇರೆಯನ್ನೂ, ಅಲ್ಲಿ ಮೇಯುವ ದೇವರ ಎತ್ತು ಕುರಿಗಳ ಹಕ್ಕನ್ನೂ, ಜಾತ್ರೆಯ ಬಯಲುಗಳನ್ನೂ, ಬೆಟ್ಟಕ್ಕೆ ಹೋಗುವ ಹಾದಿಗಳನ್ನೂ ಗ್ರಾಮಪಂಚಾಯಿತಿಗಳು ಈಗಲೇ ದಾಖಲೆಗೆ ತರಬೇಕು. ಬ್ರಹ್ಮಗಿರಿಯ ಅಕ್ಷರಗುಂಡನ್ನು ನೋಡಲು ಬರುವ ವಿದ್ಯಾರ್ಥಿಗಳನ್ನು ಅವರ ಉಪಾಧ್ಯಾಯರು ಶಾಸನದ ಮಂಟಪದಿಂದಲೇ ಹಿಂದಕ್ಕೆ ಕರೆದೊಯ್ಯದೆ, ಒಂದು ಹೊತ್ತು ಬೆಟ್ಟವನ್ನೂ ಹತ್ತಿಸಲಿ, ತಪ್ಪಲಿನಲ್ಲಿ ದನ ಮೇಯಿಸುತ್ತಿರುವವನೊಡನೆ ಮಾತನ್ನೂ ಆಡಿಸಲಿ.